ಭವ್ಯ ಚೆಂಡನ್ನು ಕೈಯಲ್ಲಿ ಹಿಡಿದ ಮಧ್ಯಾಹ್ನ

ಹೋದ ತಿಂಗಳು ಇಬ್ಬರು ಹೆಣ್ಣುಮಕ್ಕಳು ಮದ್ದೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಇಬ್ಬರೂ ಹೊಸದಾಗಿ ದೈಹಿಕ ಶಿಕ್ಷಕಿಯರಾಗಿ ಕೆಲಸಕ್ಕೆ ಸೇರಿದವರು. ಒಬ್ಬಳಿಗೆ ಆತಗೂರಿನ ಕಡೆ ಶಾಲೆ, ಇನ್ನೊಬ್ಬಳಿಗೆ ಮಳವಳ್ಳಿಯ ಕಡೆ. ಹುಡುಗಿಯರಿಗೆ ಫುಟ್‌ಬಾಲ್ ಕಲಿಸಬೇಕು ಮೇಡಂ, ಎಲ್ಲಿಂದ ಶುರು ಮಾಡೋಣ ಅಂತ ಕೇಳಿದರು. ಯಾವ ಶೂ ಕೊಡಿಸಬೇಕು, ಮೊದಲ ವಾರ ಏನು ಮಾಡಿಸಬೇಕು, ಮಗಳನ್ನು ಮೈದಾನಕ್ಕೆ ಕಳಿಸಲು ಒಪ್ಪದ ಮನೆಯವರ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ಹೇಳಿದೆ. ಕಾಫಿ ಕುಡಿದು ಬಸ್ಸಿಗೆ ಹೊರಟರು. ಅವರು ಹೋದ ಮೇಲೆ, ಹೇಳಲೇಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆನಲ್ಲ ಅನ್ನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಚೆಂಡು ಒದೆಯುವುದನ್ನು ಯಾರಾದರೂ ಕಲಿಸಬಹುದು. ಬಿಸಿಲು, ಮಳೆ, ಮಂಜು ಆಡುವವರ ತಲೆಯೊಳಗೆ ಹೊಕ್ಕು ಏನು ಮಾಡುತ್ತವೆ ಅನ್ನುವುದನ್ನು ನನಗೆ ತರಬೇತಿ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಗೆರೆಯ ಪಕ್ಕ ನಿಂತು ನಿಂತು ನೋಡಿದೆ. ನೋಡಿದಷ್ಟೂ ಬೆರಗಾಯಿತು. ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದರೂ ಆ ಬೆರಗು ಕಡಿಮೆಯಾಗಿಲ್ಲ.

ನನ್ನ ಕೊನೆಯ ಶಾಲೆ ಮದ್ದೂರಿನಲ್ಲಿತ್ತು. ವಾಲಿಬಾಲ್ ನೆಟ್ ಹರಿದು ಹೋಗಿ ಹೊಸದು ಬರುವ ಲಕ್ಷಣ ಇರಲಿಲ್ಲವಾದ್ದರಿಂದ ಫುಟ್‌ಬಾಲ್ ಶುರು ಮಾಡಿದೆ. ಒಂದು ಚೆಂಡಿದ್ದರೆ ಸಾಕಲ್ಲ. ಇಟ್ಟಿಗೆ ಜೋಡಿಸಿ ಗೋಲು ಮಾಡಿಕೊಂಡೆವು. ಆ ತಂಡದಲ್ಲಿ ಇಬ್ಬರನ್ನು ಮರೆಯುವ ಹಾಗೇ ಇಲ್ಲ. ಒಬ್ಬಳು ಶಬ್ರೀನ್. ಅವಳ ಅಪ್ಪ ಸಾದಿಕ್ ಭಾಯ್‌ಗೆ ದೊಡ್ಡ ರಸ್ತೆಯ ಪಕ್ಕ ಟ್ರಾಕ್ಟರ್ ರಿಪೇರಿ ಮಾಡುವ ಗ್ಯಾರೇಜು. ಹುಡುಗಿ ಸಣಕಲು, ಆದರೆ ಮೈದಾನದಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದು ಕತ್ತು ತಿರುಗಿಸದೆಯೇ ಗೊತ್ತಾಗುತ್ತಿತ್ತು. ಬೆನ್ನ ಹಿಂದಿನವಳಿಗೂ ಸರಿಯಾಗಿ ಪಾಸ್ ಕೊಡುತ್ತಿದ್ದಳು. ಇನ್ನೊಬ್ಬಳು ನಮ್ಮ ಗೋಲ್‌ಕೀಪರ್ ಚೈತ್ರಾ. ಆತಗೂರಿನ ಒಕ್ಕಲು ಮನೆಯವಳು, ನೀಳ ತೋಳಿನವಳು, ಮಾತು ಬಹಳ ಕಡಿಮೆ.

ಆಗ ತಾಲ್ಲೂಕಿನ ಆಟೋಟಗಳಿಗೆಲ್ಲ ಮೇಲಿನವರು ಅಂದರೆ ಚನ್ನೇಗೌಡ ಸರ್. ಕೆಲಸದಲ್ಲಿ ನನಗಿಂತ ಹಿರಿಯರು. ಟೂರ್ನಿ ಮುಗಿದ ದಿನ ಇಡೀ ತಂಡವನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಸೊಪ್ಪಿನ ಸಾರು ಬಡಿಸುವಂಥವರು. ಗೆದ್ದರೂ ಬಡಿಸುತ್ತಿದ್ದರು, ಸೋತರೂ ಬಡಿಸುತ್ತಿದ್ದರು. ಆದರೆ ಆಟ ನಡೆಯುವಾಗ ಒಂದು ತೊಟ್ಟು ನೀರು ಕುಡಿಯಲು ಬಿಡುತ್ತಿರಲಿಲ್ಲ. ನಲ್ಲಿಯ ಪಕ್ಕ ತಾವೇ ಹೋಗಿ ನಿಲ್ಲುತ್ತಿದ್ದರು. ನಾನು ಒಂದೆರಡು ಸಲ ಕೇಳಿದ್ದಕ್ಕೆ, "ಆಟದ ಮಧ್ಯೆ ನೀರು ಕುಡುದ್ರೆ ಹೊಟ್ಟೆ ಹಿಡ್ಕತದೆ ಕಣಮ್ಮ, ನಮ್ಮ ಗುರುಗಳು ಹಂಗೇ ಯೋಳ್ಕೊಟ್ಟವ್ರೆ" ಅಂದರು. ಅವರ ಕಾಲದವರೆಲ್ಲ ನಂಬಿದ್ದು ಅದನ್ನೇ. ಬಾಯಾರಿಕೆ ತಡೆಯುವುದೇ ಗಟ್ಟಿತನ ಅಂದುಕೊಂಡಿದ್ದರು.

ಮೊದಲು ನನಗೆ ಬೆರಗು ಹುಟ್ಟಿಸಿದ್ದು ಮಳೆ. ಮಳವಳ್ಳಿಯಲ್ಲಿ ಅಲ್ಲಿಯ ಹುಡುಗಿಯರ ಮೇಲೆ ಪಂದ್ಯ. ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಆಕಾಶ ಕಳಚಿ ಬಿದ್ದ ಹಾಗೆ ಸುರಿಯಿತು. ಮೈದಾನ ಒಂದು ಕಡೆಗೆ ತಗ್ಗು. ಆ ಅರ್ಧ ನೋಡನೋಡುತ್ತಲೇ ಕೆರೆಯ ಹಾಗಾಯಿತು. ನಮ್ಮವರು ಕಲಿತದ್ದು ನೆಲಕ್ಕಂಟಿಸಿ ಚೆಂಡು ತಳ್ಳುವುದನ್ನು. ಒದ್ದ ಚೆಂಡು ನೀರಿಗೆ ಬಿದ್ದು ಅಲ್ಲೇ ನಿಂತು ಬಿಡುತ್ತಿತ್ತು. ಹುಡುಗಿಯರು ಅದನ್ನು ದಾಟಿ ಮುಂದೆ ಓಡಿ, ಹಿಂದೆ ತಿರುಗಿ ನೋಡುತ್ತಿದ್ದರು. ಜನ ನಗುತ್ತಿದ್ದರು. ಚೆಂಡನ್ನು ಮೇಲೆತ್ತಿ ಒದಿರಿ ಅಂತ ನಾನು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಶಾಲೆಯ ತಗಡಿನ ಸೂರಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ಆಮೇಲೆ ಶಬ್ರೀನ್ ಒಂದು ಗಳಿಗೆ ಸುಮ್ಮನೆ ನಿಂತಳು. ನೀರಿನಲ್ಲಿ ನಿಂತ ಚೆಂಡಿನ ಅಡಿಗೆ ಕಾಲ ಬೆರಳು ತೂರಿಸಿ ಮೇಲಕ್ಕೆ ಚಿಮ್ಮಿದಳು. ಅದು ಇನ್ನೊಬ್ಬಳ ಎದೆಯ ಮೇಲೆ ಹೋಗಿ ಬಿತ್ತು. ಅವಳೂ ಹಾಗೇ ಮಾಡಿದಳು. ಯಾರೂ ಯಾರಿಗೂ ಹೇಳಲಿಲ್ಲ. ಕಣ್ಣೆದುರಿಗೇ ನಮ್ಮ ತಂಡ ಒಂದು ಆಟ ಬಿಟ್ಟು ಬೇರೆ ಆಟ ಆಡತೊಡಗಿತು. ವರ್ಷಗಟ್ಟಲೆ ಕಲಿಸಿದ್ದನ್ನು ಅವರು ಅಷ್ಟು ಸಲೀಸಾಗಿ ಕಳಚಿಟ್ಟಿದ್ದು ನೋಡಿ ನನಗೆ ಬೇಸರವಾಗಬೇಕಿತ್ತೇನೋ. ಮೈ ಜುಮ್ಮೆಂದಿತು.

ಚೈತ್ರಾ ಮಾತ್ರ ಬಂದ ಚೆಂಡನ್ನೆಲ್ಲ ಮುಷ್ಟಿ ಕಟ್ಟಿ ಗುದ್ದುತ್ತಿದ್ದಳು, ಒಂದನ್ನೂ ಹಿಡಿಯಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದೆ.

"ಚಳೀಗೆ ಬೆರಳು ನಂದಲ್ಲ ಅನ್ನಿಸ್ತು ಮಿಸ್. ಅದ್ಕೇ ಗುದ್ದುದೆ" ಅಂದಳು.

ಆ ಪಂದ್ಯ ನಾವು ಸೋತೆವು. ಸೋಲಿಸಿದವಳು ಮಳವಳ್ಳಿ ತಂಡದ ಹಿಂದಿನ ಸಾಲಿನ ಒಬ್ಬ ಹುಡುಗಿ, ಹೆಸರು ಭವ್ಯ. ಅವಳು ಓಡಾಡುತ್ತಲೇ ಇರಲಿಲ್ಲ. ತಮ್ಮ ಗೋಲಿನ ಮುಂದೆ ಎಲ್ಲಿ ನೀರು ಆಳವಾಗಿತ್ತೋ ಅಲ್ಲಿ ಹೋಗಿ ನಿಂತಿದ್ದಳು. ನಮ್ಮವರು ಎತ್ತಿ ಒಗೆದ ಚೆಂಡೆಲ್ಲ ಕೊನೆಗೆ ಅಲ್ಲಿಗೇ ಬಂದು ಬಿದ್ದು ಅವಳ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಎತ್ತಿ ಆಚೆ ಒದೆಯುವುದಷ್ಟೇ ಅವಳ ಕೆಲಸ. ಮಳೆ ನಿಂತ ಮೇಲೆ ಹೋಗಿ ಬೆನ್ನು ತಟ್ಟಿದೆ. ಎದುರು ತಂಡದ ಮಿಸ್ಸು ಯಾಕೆ ಬೆನ್ನು ತಟ್ಟುತ್ತಾರೆ ಅಂತ ಅನುಮಾನದಿಂದ ನೋಡಿದಳು.

ಆ ಚಳಿಗಾಲದಲ್ಲಿ ಭಾರತೀನಗರದ ಒಂದು ಕಾಲೇಜಿನ ಮೈದಾನದಲ್ಲಿ ನಮ್ಮ ತಂಡಕ್ಕೂ ಮಳವಳ್ಳಿ ತಂಡಕ್ಕೂ ಒಟ್ಟಿಗೆ ಶಿಬಿರ ಮಾಡಿಸಿದೆವು. ಸುತ್ತ ಕಬ್ಬಿನ ಗದ್ದೆ, ಪಕ್ಕದಲ್ಲೇ ನಾಲೆ. ಒಂದು ಬೆಳಿಗ್ಗೆ ಹೋದರೆ ಮೈದಾನವೇ ಇಲ್ಲ. ಬಿಳಿ ಮಂಜು ತುಂಬಿಕೊಂಡು, ಕೈ ಚಾಚಿದರೆ ಕೈ ಕಾಣುತ್ತಿತ್ತು, ಅದರಾಚೆ ಏನೂ ಇಲ್ಲ. ಸಕ್ಕರೆ ಕಾರ್ಖಾನೆಯ ವಾಸನೆಯೊಂದು ಬರುತ್ತಿತ್ತು. ಮಂಜು ಬಿಡುವವರೆಗೆ ಕೂತಿರಿ ಅಂದೆ. ಹುಡುಗಿಯರು ಕೇಳಲಿಲ್ಲ. ಚೆಂಡು ತೆಗೆದುಕೊಂಡು ಒಳಗೆ ಹೋದರು, ಎಲ್ಲರೂ ಮಾಯವಾದರು.

ನಾನು ಗೆರೆಯ ಮೇಲೆ ನಿಂತು ಆಟವನ್ನು ಕಿವಿಯಿಂದ ನೋಡಿದೆ. ಶಬ್ರೀನ್ ದನಿ ಒಂದೊಂದು ಹೆಸರು ಕರೆಯುತ್ತಿತ್ತು. ಆ ಕಡೆಯಿಂದ ಓ ಅನ್ನುತ್ತಿದ್ದರು. ಚೆಂಡಿನ ಸದ್ದು ಆ ಓ ಅಂದ ದಿಕ್ಕಿಗೆ ಹೋಗುತ್ತಿತ್ತು. ಒಂದು ಪಾಸೂ ತಪ್ಪುತ್ತಿಲ್ಲ ಅನ್ನುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಬೆಳಕಿದ್ದಾಗ ಅವರು ಇಷ್ಟು ಚೆನ್ನಾಗಿ ಆಡಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣು ಕಾಣದಾಗ ಒಬ್ಬರಿಗೊಬ್ಬರು ಅಷ್ಟು ಗಮನ ಕೊಡಲೇಬೇಕಾಗಿತ್ತು ಅಂತ ಕಾಣುತ್ತದೆ. ನಡುವೆ ಎಲ್ಲೋ ದೊಡ್ಡ ಒದೆತದ ಸದ್ದು, ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಂಜಿನೊಳಗಿಂದ ಚೈತ್ರಾಳ ದನಿ ಬಂತು: "ನಮ್ಗೇ ಬಿತ್ತು ಮಿಸ್." ನಮ್ಮ ಗೋಲಿನೊಳಗೆ ಚೆಂಡು ಹೋದದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಅವಳು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಬಿಸಿಲು ಬಂದು ಮಂಜು ಕರಗಿತು. ಒಬ್ಬರಿಗೊಬ್ಬರು ಕಂಡರು. ತಕ್ಷಣ ಆಟ ಕೆಟ್ಟಿತು. ತಪ್ಪು ಪಾಸು, ನಗು, ಕಿತ್ತಾಟ, ಎಲ್ಲ ಹಿಂದಿನ ಹಾಗೇ.

ಅದೇ ಶಿಬಿರದಲ್ಲಿ ಇನ್ನೊಂದು ದಿನ ಪಕ್ಕದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟರು. ಹೊಗೆ ಮಂಜಿನ ಹಾಗೇ ಕಂಡಿತು, ಆದರೆ ಅದರೊಳಗೆ ಯಾರೂ ಹೆಸರು ಕೂಗಲಿಲ್ಲ. ಕೂಗಲು ಉಸಿರೇ ಇರಲಿಲ್ಲ. ನಾನು ಆಟ ನಿಲ್ಲಿಸಿ ಎಲ್ಲರನ್ನೂ ನಾಲೆಯ ಏರಿಯ ಆಚೆಗೆ ಕರೆದುಕೊಂಡು ಹೋದೆ. ಹೊಸದಾಗಿ ಬಂದವರು ಇದೊಂದನ್ನು ನೆನಪಿಡಿ. ಮಂಜಿನಲ್ಲಿ ಆಡಲಿ ಬಿಡಿ, ಹೊಗೆಯಲ್ಲಿ ಒಂದು ನಿಮಿಷವೂ ಬೇಡ.

ಇನ್ನು ಬಿಸಿಲಿನ ವಿಷಯ.

ಬೇಸಿಗೆ ರಜದಲ್ಲಿ ಮಂಡ್ಯದಲ್ಲಿ ಒಂದು ಸಂಘದವರು ಹುಡುಗಿಯರ ಟೂರ್ನಿ ನಡೆಸಿದರು. ಫೈನಲ್‌ಗೆ ಬಂದದ್ದು ನಾವು ಮತ್ತು ಮಳವಳ್ಳಿ. ಬೆಳಿಗ್ಗೆ ಬೇಗ ಆಡಿಸುವುದು ಅಂತ ಮಾತಾಗಿತ್ತು. ಮುಖ್ಯ ಅತಿಥಿಗಳು ಬರಲಿಲ್ಲ. ಇನ್ನೇನು ಬಂದರು, ಇನ್ನೇನು ಬಂದರು ಅಂತ ಕಾಯುತ್ತಾ ಸೂರ್ಯ ನೆತ್ತಿಗೆ ಬಂದ. ಮೈದಾನದಲ್ಲಿ ಹುಲ್ಲಿನ ಗುರುತಿಲ್ಲ, ಬರೀ ಕೆಂಪು ನೆಲ. ದೂರದ ಗೋಲು ಕಂಬಗಳು ಬಿಸಿಲಿಗೆ ನೀರಿನಲ್ಲಿ ನಿಂತಂತೆ ನಡುಗುತ್ತಿದ್ದವು. ಸಂಜೆ ನಾಲ್ಕರ ಮೇಲೆ ಆಡಿಸೋಣ ಸರ್ ಅಂತ, ಟೂರ್ನಿಯ ಉಸ್ತುವಾರಿ ಹೊತ್ತಿದ್ದ ಚನ್ನೇಗೌಡ ಸರ್ ಹತ್ತಿರ ಹೋಗಿ ಕೇಳಿದೆ. ಅವರಿಗೂ ಮನಸ್ಸಿತ್ತೋ ಏನೋ, ಸುತ್ತ ಜನರನ್ನು ನೋಡಿದರು, ಸಂಘದವರನ್ನು ನೋಡಿದರು. ಇಷ್ಟು ಜನ ಸೇರಿದ್ದಾರೆ, ಎದ್ದು ಹೋದರೆ ಮತ್ತೆ ಬರುವುದಿಲ್ಲ, ಆಡಿಸಿಬಿಡೋಣ ಅಂದರು.

ಮೊದಲ ಅರ್ಧ ಯಾರೂ ಗೋಲು ಹೊಡೆಯಲಿಲ್ಲ. ಬಿಡುವಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೋಟ ನೀರು ಕೊಟ್ಟರು. ಚೈತ್ರಾ ಅರ್ಧ ಕುಡಿದು ಅರ್ಧ ನೆತ್ತಿಗೆ ಸುರಿದುಕೊಂಡಳು. ಶಬ್ರೀನ್ ತನ್ನ ಲೋಟವನ್ನು ಚಿಕ್ಕವಳೊಬ್ಬಳಿಗೆ ಕೊಟ್ಟಿದ್ದಳು ಅನ್ನುವುದು ನನಗೆ ಆಮೇಲೆ ತಿಳಿದದ್ದು.

ಎರಡನೆಯ ಅರ್ಧದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಪಾಸು. ಕಾಲಿನಲ್ಲಿ ಕಸುವು ಹಾಗೇ ಇತ್ತು, ಓಟ ಹಾಗೇ ಇತ್ತು. ಚೆಂಡು ಮಾತ್ರ ಯಾರೂ ಇಲ್ಲದ ಕಡೆ ಹೋಗುತ್ತಿತ್ತು. ಒಮ್ಮೆ ಹಸಿರು ಅಂಗಿಯವಳಿಗೆ, ಅಂದರೆ ಮಳವಳ್ಳಿಯವಳಿಗೆ, ನೇರವಾಗಿ ಕೊಟ್ಟು ಮುಂದೆ ಓಡಿದಳು. ಜನ ಕೂಗಿದರು. ನಾನು ಬೇರೆ ಹುಡುಗಿಯನ್ನು ಗೆರೆಯ ಹತ್ತಿರ ನಿಲ್ಲಿಸಿಕೊಂಡು, ಶಬ್ರೀನ್‌ಳನ್ನು ಹೊರಗೆ ಕಳಿಸಿ ಅಂತ ರೆಫರಿಗೆ ಕೈ ಮಾಡಿದೆ. ಚೆಂಡು ಹೊರಗೆ ಹೋಗದೆ ಅವರು ಆಡುವವರನ್ನು ಬದಲಿಸುವ ಹಾಗಿಲ್ಲ. ಚೆಂಡು ಹೊರಗೆ ಹೋಗಲೇ ಇಲ್ಲ.

ಅಷ್ಟರಲ್ಲಿ ಅದು ಹೇಗೋ ಶಬ್ರೀನ್ ಕಾಲಿಗೆ ಸಿಕ್ಕು, ಅವಳು ಮಳವಳ್ಳಿಯವರ ಗೋಲಿನ ಮುಂದೆ ಒಬ್ಬಳೇ ಹೋಗಿ ನಿಂತಳು. ಮುಂದೆ ಕೀಪರ್ ಒಬ್ಬಳೇ. ಒದ್ದರೆ ಗೋಲು. ಇಡೀ ಮೈದಾನ ಎದ್ದು ನಿಂತಿತು. ಅವಳು ಒದೆಯಲಿಲ್ಲ. ಆಗ ಪಕ್ಕದಿಂದ ಬಂದ ಭವ್ಯ ಬಗ್ಗಿ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ತಮ್ಮ ಗೋಲಿನ ಮುಂದೆ ಕೀಪರ್ ಅಲ್ಲದವರು ಕೈಯಲ್ಲಿ ಚೆಂಡು ಹಿಡಿಯುವುದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ತಪ್ಪು. ಎದುರಿನವರಿಗೆ ಪೆನಾಲ್ಟಿ ಸಿಗುತ್ತದೆ, ಹಿಡಿದವಳು ಹೊರಗೆ ಹೋಗಬೇಕಾಗುತ್ತದೆ. ಗೋಲು ತಪ್ಪಿಸಲು ಮೋಸ ಮಾಡಿದಳು ಅಂತ ಜನ ಅವಳ ಮೇಲೆ ಕೂಗಾಡಿದರು. ರೆಫರಿ ಸೀಟಿ ಊದಿ, ಕೆಂಪು ಕಾರ್ಡ್ ತೆಗೆಯಲು ಜೇಬಿಗೆ ಕೈ ಹಾಕುತ್ತಾ ಅವಳ ಕಡೆ ನಡೆದರು. ನಾನೂ ಓಡಿದೆ. ಹತ್ತಿರ ಹೋದಾಗ ಭವ್ಯ ಒಂದು ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಇನ್ನೊಂದು ಕೈಯಿಂದ ಶಬ್ರೀನ್ ಸೊಂಟ ಬಳಸಿ ಹಿಡಿದಿದ್ದಳು. ಶಬ್ರೀನ್ ನನ್ನನ್ನು ನೋಡಿದಳು. ನೋಟ ನನ್ನನ್ನು ಹಾದು ಎಲ್ಲಿಗೋ ಹೋಗುತ್ತಿತ್ತು.

"ಮಿಸ್, ಬಸ್ಸು ಬಂತಾ?" ಅಂದಳು.

ಹಾಗೆ ಅಂದವಳೇ ಕುಸಿದಳು. ಮೈ ಮುಟ್ಟಿದರೆ ಕಾದ ಕಾವಲಿ. ಜನರ ಕೂಗು ಅಲ್ಲಲ್ಲೇ ನಿಂತುಹೋಯಿತು.

ಯಾಕೆ ಹಿಡಿದೆ ಅಂತ ರೆಫರಿ ಕೇಳಿದ್ದಕ್ಕೆ ಭವ್ಯ ಹೇಳಿದ್ದು ಇಷ್ಟೇ: "ಆಚೆಗ್ ಒದ್ದಿದ್ರೆ ಅವ್ಳು ಚೆಂಡಿನ ಹಿಂದ್ಲೇ ಓಡೋಳು ಸಾ. ಕೈಲಿಟ್ಕಂಡ್ರೆ ನಿಂತ್ಕತಾಳೆ ಅಂತ."

ರೆಫರಿ ಜೇಬಿನಿಂದ ಬರಿಗೈ ತೆಗೆದರು.

ಆಗ ಚನ್ನೇಗೌಡ ಸರ್ ಮಾಡಿದ್ದನ್ನು ಹೇಳಬೇಕು. ಆ ವಯಸ್ಸಿನಲ್ಲಿ ಅವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಶಾಮಿಯಾನದ ನೆರಳಿಗೆ ತಂದರು. ವೇದಿಕೆಯ ಹಿಂದೆ ಮುಖ್ಯ ಅತಿಥಿಗಳ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದನ್ನು ಹಗ್ಗ ಸಮೇತ ಕಿತ್ತು ನೆಲಕ್ಕೆ ಹಾಸಿದರು. ಹುಡುಗಿಯನ್ನು ಅದರ ಮೇಲೆ ಮಲಗಿಸಿ, ಸುತ್ತಲೂ ಅಂಚು ಎತ್ತಿ ಹಿಡ್ಕಳಿ ಅಂದರು. ನಮ್ಮ ಹುಡುಗಿಯರು, ಮಳವಳ್ಳಿಯ ಹುಡುಗಿಯರು ಎಲ್ಲ ಸೇರಿ ಅಂಚು ಎತ್ತಿ ಹಿಡಿದರು. ಫ್ಲೆಕ್ಸ್ ತೊಟ್ಟಿಯ ಹಾಗಾಯಿತು. ಮೈದಾನಕ್ಕೆ ನೀರು ಹಾಕುವ ಪೈಪು ಎಳೆದು ತಂದು ಬಿಟ್ಟರು. ಗೇಟಿನ ಹತ್ತಿರ ಕಬ್ಬಿನ ಹಾಲು ಮಾರುವವನು ಕೇಳುವ ಮೊದಲೇ ತನ್ನ ಗಾಡಿಯ ಐಸ್ ಗಡ್ಡೆಯನ್ನೆಲ್ಲ ತಂದು ಒಡೆದು ಅದರೊಳಗೆ ಸುರಿದ. ಶಬ್ರೀನ್ ತಲೆಗೆ ಬಿಗಿದು ಕಟ್ಟಿದ್ದ ಸ್ಕಾರ್ಫನ್ನು ನಾನು ಬಿಚ್ಚಬೇಕಾಯಿತು. ನಾನು ಕೈ ಹಾಕುತ್ತಲೂ ಅಂಚು ಹಿಡಿದಿದ್ದ ಹುಡುಗಿಯರು ಒತ್ತೊತ್ತಿಗೆ ಬಂದು ನಿಂತು ಹೊರಗಿನವರಿಗೆ ಕಾಣದಂತೆ ಮರೆ ಮಾಡಿದರು. ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಅವಳ ಕತ್ತಿಗೆ, ಕಂಕುಳಿಗೆ ಐಸ್ ಒತ್ತಿ ಹಿಡಿದು ಹೆಸರು ಕರೆಯುತ್ತಲೇ ಇದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅಂಚು ಹಿಡಿದವರು ಯಾರೂ ಕೈ ಬಿಡಲಿಲ್ಲ. ಕೊನೆಗೆ ಅವಳ ತುಟಿ ಅದುರಿತು. ಮೈ ನಡುಗಿತು. ಕಣ್ಣು ತಿರುಗಿ ನನ್ನ ಮುಖದ ಮೇಲೆ ಬಂದು ನಿಂತಿತು, ಈ ಸಲ ನನ್ನ ಮೇಲೇ ನಿಂತಿತು.

"ಮಿಸ್, ಚಳಿ ಆಯ್ತೈತೆ" ಅಂದಳು.

ಆ ಬಿಸಿಲಿನಲ್ಲಿ ಆ ಮಾತು ಕೇಳಿ ಚೈತ್ರಾ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಒಂದು ಜೀವ ಕೈಬಿಟ್ಟು ಹೊರಟೇ ಹೋಗಿ, ಮತ್ತೆ ತಿರುಗಿ ಬರುವುದನ್ನು ನಾನು ಅಂಗೈಯಲ್ಲಿ ಮುಟ್ಟಿ ನೋಡಿದ್ದು ಅದೊಂದೇ ಸಲ.

ಮುಖ್ಯ ಅತಿಥಿಗಳು ಬಂದದ್ದು ಆಗ. ಫ್ಲೆಕ್ಸಿನಲ್ಲಿದ್ದ ಅವರ ಮುಖದ ಮೇಲೆ ನೀರು, ಐಸು, ಹುಡುಗಿ. ಅವರು ಹಾರ ಹಿಡಿದು ಬಂದವರನ್ನು ಪಕ್ಕಕ್ಕೆ ಸರಿಸಿ, ತಮ್ಮ ಕಾರನ್ನು ಶಾಮಿಯಾನದವರೆಗೆ ತರಿಸಿ ಆಸ್ಪತ್ರೆಗೆ ಕಳಿಸಿದರು.

ಆಸ್ಪತ್ರೆಯ ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು. ಮೈ ಕಾಯುತ್ತಾ ಹೋದಾಗ ಅದನ್ನು ತಣಿಸಲು ರಕ್ತವೆಲ್ಲ ಚರ್ಮದ ಕಡೆ ನುಗ್ಗುತ್ತದೆ, ಓಡುವ ಕಾಲೂ ರಕ್ತ ಕೇಳುತ್ತದೆ, ತಲೆಗೆ ಸಾಲುವುದಿಲ್ಲ. ಎಷ್ಟೋ ಸಲ ಕಾಲು ಸೋಲುವ ಮೊದಲೇ ಬುದ್ಧಿ ಸೋಲುತ್ತದೆ. ಸೋತದ್ದು ಸೋತವರಿಗೇ ತಿಳಿಯುವುದಿಲ್ಲ, ಯಾಕೆಂದರೆ ತಿಳಿಯಬೇಕಾದದ್ದೂ ಅದೇ ಬುದ್ಧಿ. ಅಲ್ಲೇ ತಣಿಸದೆ ಹಾಗೇ ಕರೆತಂದಿದ್ದರೆ ಕಷ್ಟವಾಗುತ್ತಿತ್ತು ಅಂದರು.

ಸಾದಿಕ್ ಭಾಯ್ ಗ್ಯಾರೇಜಿನಿಂದ ಹಾಗೇ ಬಂದಿದ್ದರು, ಕೈಯೆಲ್ಲ ಗ್ರೀಸು. ಬಂದು ಬೈಯುತ್ತಾರೆ, ಇನ್ನು ಮಗಳನ್ನು ಕಳಿಸುವುದಿಲ್ಲ ಅನ್ನುತ್ತಾರೆ ಅಂದುಕೊಂಡು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಮಗಳ ಹಣೆಯ ಮೇಲೆ ಮುಂಗೈ ಇಟ್ಟು ನೋಡಿದರು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಟ್ರಾಕ್ಟರ್ ಎಂಜಿನ್ನು ಕಾದ್ರೆ ಮುಳ್ಳು ತೋರಿಸ್ತದೆ ಮೇಡಂ. ಇವ್ಳಿಗೆ ಎಲ್ಲಿ ಅಂತ ನೋಡದು?" ಅಂದರು. ಕೋಪದಿಂದಲ್ಲ, ನಿಜವಾಗಿ ಕೇಳಿದರು. ಚೆಂಡು ಎಲ್ಲಿ ಹೋಗುತ್ತದೆ ಅಂತ ನೋಡಬೇಕು ಸಾದಿಕ್ ಭಾಯ್, ಅಂದೆ. ಬಿಸಿಲು ಕಾಲಿಗಿಂತ ಮೊದಲು ಪಾಸಿನಲ್ಲಿ ಕಾಣುತ್ತದೆ ಅಂತ ನಾನು ಆ ದಿನವೇ ಕಲಿತಿದ್ದೆ.

ಚನ್ನೇಗೌಡ ಸರ್ ಒದ್ದೆ ಬಟ್ಟೆಯಲ್ಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿ ಚೆನ್ನಾಗಿದ್ದಾಳೆ, ಬನ್ನಿ ಸರ್ ನೋಡಿ ಅಂದೆ. ಏಳಲಿಲ್ಲ. "ಇಷ್ಟ್ ವರ್ಷ ಮಕ್ಳಿಗೆ ನೀರ್ ಕೊಡ್ಲಿಲ್ವಲ್ಲಮ್ಮ ನಾನು" ಅಂದರು. ನಾನೂ ಅವರ ಪಕ್ಕದಲ್ಲಿ ಕೂತೆ.

ಅಲ್ಲಿಂದ ಮುಂದೆ ತಾಲ್ಲೂಕಿನಲ್ಲಿ ಆಟದ ರೀತಿಯೇ ಬದಲಾಯಿತು. ಮಧ್ಯಾಹ್ನದ ಪಂದ್ಯ ನಿಂತಿತು, ಎಂಥ ಅತಿಥಿ ಬರಲಿ ಬಿಡಲಿ. ಮೈದಾನದ ನಾಲ್ಕೂ ಮೂಲೆಗೆ ನೀರಿನ ಕೊಡ ಬಂತು. ನಡುನಡುವೆ ಆಟ ನಿಲ್ಲಿಸಿ ನೀರು ಕುಡಿಸುವುದು ಬಂತು. ಬೇಸಿಗೆ ಶುರುವಾಗುವಾಗ ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಓಡಿಸಿ, ಮೈಗೆ ಬಿಸಿಲು ರೂಢಿಯಾದ ಮೇಲೆ ಹೆಚ್ಚಿಸುವುದು ಬಂತು. ಇದನ್ನೆಲ್ಲ ಈಗ ಮೊಬೈಲಿನಲ್ಲಿ ಓದಿ ಕಲಿಯಬಹುದು. ಆಗ ನಾವು ಅವರಿವರನ್ನು ಕೇಳಿ ಕಲಿತೆವು. ಚನ್ನೇಗೌಡ ಸರ್ ನಿವೃತ್ತಿಯಾಗುವವರೆಗೆ ಪಂದ್ಯಗಳಲ್ಲಿ ಲೋಟ ಹಿಡಿದು ತಾವೇ ಓಡಾಡುತ್ತಿದ್ದರು. ಬಾಯಾರಿಕೆ ಇಲ್ಲ ಸರ್ ಅಂದವರನ್ನು ಗದರಿಸಿ ಕುಡಿಸುತ್ತಿದ್ದರು.

ಅರ್ಧಕ್ಕೆ ನಿಂತ ಆ ಫೈನಲ್ ಕೆಲವು ವಾರಗಳ ಮೇಲೆ ಮುಂದುವರಿಯಿತು, ಬೆಳಿಗ್ಗೆ, ತಂಪಿನಲ್ಲಿ. ನಿಂತಲ್ಲಿಂದಲೇ ಶುರು ಮಾಡುವುದು ಅಂತ ತೀರ್ಮಾನವಾಗಿತ್ತು. ಹಾಗಾದರೆ ಪೆನಾಲ್ಟಿ? ರೆಫರಿ ನಮ್ಮಿಬ್ಬರು ಕೋಚ್‌ಗಳನ್ನೂ ಕರೆದು ಕೇಳಿದರು. ಬೇಡ, ಇಬ್ಬರ ನಡುವೆ ಚೆಂಡು ನೆಲಕ್ಕೆ ಬಿಟ್ಟು ಶುರು ಮಾಡಿ ಅಂದೆ. ಮಳವಳ್ಳಿಯ ಮೇಷ್ಟ್ರೂ ತಲೆಯಾಡಿಸಿದರು. ಒಪ್ಪದವಳು ಭವ್ಯ.

"ಕೈಲಿ ಇಡ್ದಿದ್ದು ನಿಜ ತಾನೆ ಮಿಸ್? ಹೊಡೀಲಿ ಬುಡಿ. ನಮ್ಮ ಕೀಪರ್ ಇಡ್ಕತಾಳೆ" ಅಂದಳು.

ಶಬ್ರೀನ್‌ಗೆ ಡಾಕ್ಟರು ಇನ್ನೂ ಆಡಲು ಹೇಳಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು. ಪೆನಾಲ್ಟಿ ಹೊಡೆಯಲು ನಮ್ಮ ಗೋಲಿನಿಂದ ಚೈತ್ರಾ ಬಂದಳು. ಸುಮ್ಮನೆ ಆಚೆಗೆ ಒದೆಯುತ್ತಾಳೇನೋ ಅಂತ ನಾನು ಕಾದೆ. ಅವಳು ಹಾಗೆ ಮಾಡಲಿಲ್ಲ. ಇದ್ದ ಬಲವೆಲ್ಲ ಹಾಕಿ ಒದ್ದಳು. ಬಲೆ ಅದುರಿತು. ಹಾಗೆ ಹೊಡೆಯುವುದೇ ಭವ್ಯಳಿಗೆ ಕೊಡುವ ಮರ್ಯಾದೆ ಅಂತ ಚೈತ್ರಾ ಅಂದುಕೊಂಡಿದ್ದಳು ಅಂತ ಕಾಣುತ್ತದೆ. ಉಳಿದ ಹೊತ್ತೆಲ್ಲ ಮಳವಳ್ಳಿಯವರು ನಮ್ಮ ಮೇಲೆ ಮುರಿದುಕೊಂಡು ಬಿದ್ದರು, ಆದರೆ ಗೋಲಾಗಲಿಲ್ಲ. ಆ ಒಂದು ಗೋಲಿನಿಂದ ನಾವು ಗೆದ್ದೆವು.

ಕಪ್ಪು ಕೊಟ್ಟದ್ದಾದ ಮೇಲೆ ಎಲ್ಲರೂ ಬಸ್ಸಿಗೆ ಕಾಯುತ್ತಾ ಮರದಡಿ ಕೂತಿದ್ದರು. ಶಬ್ರೀನ್ ಎದ್ದು ಹೋಗಿ ಭವ್ಯಳ ಪಕ್ಕ ಕೂತಳು. ಆ ಮಧ್ಯಾಹ್ನದ್ದು ಅವಳಿಗೆ ಒಂದು ಚೂರೂ ನೆನಪಿರಲಿಲ್ಲ. ಬೇರೆಯವರು ಹೇಳಿದ್ದನ್ನೇ ಕೇಳಿ ತಿಳಿದುಕೊಂಡಿದ್ದಳು. ನಾನು ಹತ್ತಿರದಲ್ಲೇ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

"ನಂಗೇನೂ ಗ್ಯಾಪ್ಕಾನೇ ಇಲ್ಲ ಕಣೇ. ನಾನು ಗೋಲ್ ಒಡೀತಿದ್ನಂತಲ್ಲ, ಹೌದಾ?" ಅಂತ ಕೇಳಿದಳು.

ಭವ್ಯ ಹೇಳಲೋ ಬೇಡವೋ ಅನ್ನುವ ಹಾಗೆ ಅವಳ ಮುಖ ನೋಡಿದಳು.

"ಇಲ್ಲ ಕಣೇ. ಚೆಂಡು ನಿನ್ನ ಕಾಲ್ ತಾವ್ಲೇ ಇತ್ತು. ನೀನು ಅದ್ನ ಹುಡುಕ್ತಿದ್ದೆ" ಅಂದಳು.

ಶಬ್ರೀನ್ ಭವ್ಯಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು. ಮಳವಳ್ಳಿ ಬಸ್ಸು ಬರುವವರೆಗೂ ಹಾಗೇ ಕೂತಿದ್ದರು.

ಆ ದಿನ ಇಡೀ ಮೈದಾನ ಶಬ್ರೀನ್ ಕಾಲು ನೋಡುತ್ತಿತ್ತು. ಒಬ್ಬಳು ಮಾತ್ರ ಅವಳ ಕಣ್ಣು ನೋಡಿದ್ದಳು. ಬಿಸಿಲಿಗೆ ಬುದ್ಧಿ ಹೇಗೆ ಸೋಲುತ್ತದೆ ಅನ್ನುವುದನ್ನು ಡಾಕ್ಟರು ವಿವರಿಸಿದರು. ಕೆಲವರ ಬುದ್ಧಿ ಹೇಗೆ ಸೋಲುವುದಿಲ್ಲ ಅಂತ ಕೇಳಿದ್ದಕ್ಕೆ ಅವರು ನಕ್ಕು ಮುಂದಿನ ಮಂಚದ ಕಡೆ ಹೋದರು. ನಾನು ಇವತ್ತಿಗೂ ಯೋಚಿಸುತ್ತೇನೆ. ಗೆಲ್ಲಬೇಕು ಅನ್ನುವ ಆಸೆ, ಕೂಗಾಡುವ ಜನ, ಕಾದ ನೆಲ, ಇಷ್ಟರ ನಡುವೆ ಆ ಹುಡುಗಿ ಒಂದು ಕ್ಷಣದಲ್ಲಿ ಅಷ್ಟೆಲ್ಲ ಯೋಚಿಸಿದ್ದಳು. ಅದೇ ಬಿಸಿಲಿನಲ್ಲಿ ಅವಳೂ ಅಷ್ಟೇ ಹೊತ್ತು ಓಡಿದ್ದಳು.